ಗುರುತು ಹಿಡಿಯುವ ಊರು



ಶ್ರಾವಣದ ಶನಿವಾರ ಕದರಮಂಡಲಗಿಯ ಕಾಂತೇಶನ ಗುಡಿಗೆ ಬರುವವರಲ್ಲಿ ಎರಡು ಬಗೆಯವರಿರುತ್ತಾರೆ. ಇಲ್ಲಿಯ ಕಾಂತೇಶ, ಹಿರೇಕೆರೂರು ಸೀಮೆಯ ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂರೂ ಹನುಮಂತದೇವರನ್ನು ಒಂದೇ ದಿನ, ಹೊತ್ತು ಮುಳುಗುವುದರೊಳಗೆ ಕಂಡರೆ ದೊಡ್ಡ ಪುಣ್ಯ ಎಂಬ ನಂಬಿಕೆಯಿಂದ ಬರುವವರು ಒಂದು ಬಗೆ. ಅವರು ಕೈಮುಗಿದು, ಪ್ರಸಾದ ತೆಗೆದುಕೊಂಡು, ಮುಂದಿನ ದಾರಿ ಹಿಡಿಯುತ್ತಾರೆ. ಇನ್ನೊಂದು ಬಗೆಯವರಿಗೆ ಅಷ್ಟು ಅವಸರವಿರುವುದಿಲ್ಲ. ಅವರು ಈ ಊರಲ್ಲಿ ಅಥವಾ ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿ, ಈಗ ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಪುಣೆಯಲ್ಲೋ ಕಡಲಾಚೆಯೋ ನೆಲೆಸಿದವರು. ದೇವರಿಗೆ ಕಾಯಿ ಒಡೆಸಿದ ಮೇಲೆ ಓಣಿ ಹೊಕ್ಕು, ಕಟ್ಟೆಯ ಮೇಲೆ ಕೂತ ಹಿರಿಯರ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. ನಾನಿಂದು ಮಾತಾಡಬೇಕೆಂದಿರುವುದು ಈ ಎರಡನೆಯವರ ಮನಸ್ಸಿನ ವಿಚಾರ. ಬಾಲ್ಯದ ಊರನ್ನು ದೂರದಲ್ಲಿದ್ದು ಹಂಬಲಿಸುವುದನ್ನು ನಮ್ಮಲ್ಲಿ ಎರಡೇ ರೀತಿಯಲ್ಲಿ ನೋಡುವುದು ರೂಢಿ. ಒಂದೋ ಅದನ್ನು ಮುದ್ದು ಮಾಡುತ್ತೇವೆ, ಹಬ್ಬದ ಭಾಷಣದಲ್ಲಿ ಕಣ್ಣು ತುಂಬಿಕೊಳ್ಳುತ್ತೇವೆ. ಇಲ್ಲವೇ ಅದು ಹೊಟ್ಟೆ ತುಂಬಿದವರ ಚಪಲವೆಂದು ತಳ್ಳಿಹಾಕುತ್ತೇವೆ. ಎರಡರಲ್ಲೂ ಅದನ್ನು ಗಂಭೀರವಾಗಿ ವಿಚಾರಿಸುವ ತಾಳ್ಮೆ ಕಾಣುವುದಿಲ್ಲ. ಈ ಹಂಬಲದ ತಿರುಳು ಬಾಲ್ಯವೂ ಅಲ್ಲ, ಹಸಿರೂ ಅಲ್ಲ. ತನ್ನನ್ನು ಗುರುತು ಹಿಡಿಯುವ ಜನರ ನಡುವೆ ಇರಬೇಕೆಂಬ ಬಯಕೆ ಅದು ಎಂಬುದು ನನ್ನ ವಾದ. ಹಾಗೆಂದು ಒಪ್ಪಿಕೊಂಡರೆ ಅದರ ಬೆಲೆಯೂ ತಿಳಿಯುತ್ತದೆ, ಅದರ ಅಪಾಯವೂ ತಿಳಿಯುತ್ತದೆ.

ಯುರೋಪಿನಲ್ಲಿ ಈ ಭಾವನೆ ಮೊದಲು ಚರ್ಚೆಗೆ ಬಂದದ್ದು ಒಂದು ರೋಗವಾಗಿ. 1688ರಲ್ಲಿ ಬಾಸೆಲ್ ನಗರದಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ ಈ ಕುರಿತು ಪ್ರಬಂಧ ಬರೆದ. ಊರು ಬಿಟ್ಟು ದೂರ ಹೋದವರು ಊಟ ನಿದ್ದೆ ಬಿಟ್ಟು ಸೊರಗುವುದನ್ನು ಆತ ಕಾಯಿಲೆಯೆಂದು ವಿವರಿಸಿದ. ಊರಿಗೆ ಕಳಿಸಿಕೊಡುವುದೇ ಮದ್ದು ಎಂದ. ಪರರಾಜ್ಯಗಳಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ ಸ್ವಿಸ್ ಸೈನಿಕರ ವಿಷಯದಲ್ಲಿ ಈ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. ಮೂರು ಶತಮಾನದ ನಂತರ, 2006ರಲ್ಲಿ, ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಟಿಮ್ ವೈಲ್ಡ್‌ಶುಟ್, ಕಾನ್‌ಸ್ಟಂಟೈನ್ ಸೆಡಿಕಿಡೀಸ್ ಮತ್ತು ಅವರ ಜೊತೆಗಾರರು ಇದೇ ಭಾವನೆಯನ್ನು ಮನಶ್ಶಾಸ್ತ್ರದ ಕಡೆಯಿಂದ ಪರೀಕ್ಷಿಸಿದರು. ಜನ ತಮ್ಮ ಹಳೆಯ ನೆನಪುಗಳನ್ನು ಬರೆದುಕೊಟ್ಟಾಗ, ಆ ಬರಹಗಳಲ್ಲಿ ಬರೆದವರು ಒಬ್ಬರೇ ಇರುವುದು ಕಡಿಮೆ, ಆಪ್ತರ ನಡುವೆ ಇರುವುದೇ ಹೆಚ್ಚು ಎಂಬುದು ಕಂಡಿತು. ಒಂಟಿತನ ಇಂಥ ನೆನಪನ್ನು ಎಬ್ಬಿಸುತ್ತದೆ, ನೆನಪು ತಿರುಗಿ ಆ ಒಂಟಿತನವನ್ನು ತುಸು ತಗ್ಗಿಸುತ್ತದೆ ಎಂಬುದೂ ಗೊತ್ತಾಯಿತು. ಹೋಫರನಿಗೆ ರೋಗವಾಗಿ ಕಂಡದ್ದು ಇವರಿಗೆ ರೋಗದ ವಿರುದ್ಧ ಮನಸ್ಸು ಮಾಡಿಕೊಳ್ಳುವ ಉಪಾಯವಾಗಿ ಕಂಡಿದೆ. ಆದರೆ ಪ್ರಯೋಗಶಾಲೆಗೆ ಹೋಗುವ ಮೊದಲೇ ಕನ್ನಡದಲ್ಲಿ ಇದಕ್ಕೆ ಸಾಕ್ಷ್ಯವಿದೆ, ಅದೂ ಸಾವಿರ ವರ್ಷ ಹಿಂದಿನದು.

ಪಂಪ ತನ್ನ ವಿಕ್ರಮಾರ್ಜುನವಿಜಯವನ್ನು ಬರೆದದ್ದು 941ರ ಸುಮಾರಿಗೆ, ಇಂದಿನ ತೆಲಂಗಾಣದಲ್ಲಿರುವ ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ. ಅವನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಮನೆತನದವಳು ಎಂದು ಅವನ ತಮ್ಮ ಜಿನವಲ್ಲಭ ಕುರಿಕ್ಯಾಲದಲ್ಲಿ ಕೆತ್ತಿಸಿದ ಶಾಸನ ಹೇಳುತ್ತದೆ. ಹೀಗೆ ತಾಯಿಯ ನಾಡಿನಿಂದ ದೂರ ಕೂತ ಕವಿ, ಅರ್ಜುನನ ತೀರ್ಥಯಾತ್ರೆಯ ನೆಪದಲ್ಲಿ ಬನವಾಸಿಯನ್ನು ನೆನೆಯುತ್ತಾನೆ. ಆ ಪದ್ಯಗಳು ಇಲ್ಲಿ ಕೂತಿರುವ ಬಹುಪಾಲು ಜನರಿಗೆ ಬಾಯಿಪಾಠ. ಬನವಾಸಿಯೂ ನಮಗೆ ದೂರದ ಸೀಮೆಯೇನಲ್ಲ. ತೆಂಗಾಳಿ, ಮಲ್ಲಿಗೆ, ಕೋಗಿಲೆ ಎಂದ ಕೂಡಲೇ ನಾವು ಅದನ್ನು ಪ್ರಕೃತಿವರ್ಣನೆಯೆಂದು ಶಾಲೆಯಲ್ಲಿ ಓದಿಸುತ್ತೇವೆ. ಆದರೆ ಪಂಪ ಅಲ್ಲಿ ಹುಟ್ಟುವುದಕ್ಕೇ ಪುಣ್ಯ ಬೇಕೆಂದು ಹೇಳುವಾಗ ಮುಂದಿಡುವ ಕಾರಣಗಳನ್ನು ಗಮನಿಸಿ. ಕೊಡುವ ಗುಣ, ಉಣ್ಣುವ ಸುಖ, ವಿದ್ಯೆ, ಸಂಗೀತ, ಗೆಳೆಯರ ಗೋಷ್ಠಿ: ಇವುಗಳ ಸವಿ ಬಲ್ಲವರು ಅಲ್ಲಿಯ ಮನುಷ್ಯರು ಎಂಬುದೇ ಅವನ ಮುಖ್ಯ ಹೊಗಳಿಕೆ. ಮರಗಿಡ, ಹಕ್ಕಿ, ಗಾಳಿ ಎಲ್ಲ ಆ ಮನುಷ್ಯರ ಸುತ್ತ ನಿಲ್ಲುತ್ತವೆ. ಅರಸನ ಆಶ್ರಯ, ಸಮರದ ಕೀರ್ತಿ, ಕಾವ್ಯದ ಹೆಸರು ಎಲ್ಲ ಇದ್ದವನೊಬ್ಬ, ತಾನು ಕೂತು ಮಾತಾಡಬಹುದಾಗಿದ್ದ ಜನರಿಗಾಗಿ ಹಂಬಲಿಸಿದ್ದಾನೆ. ಇದನ್ನು ಬರೀ ಭೂಮಿಯ ಮೋಹ ಎಂದರೆ ಪಂಪನನ್ನು ಅರ್ಧ ಓದಿದಂತೆ.

ಪಂಪನ ಮಾತು ಆಸ್ಥಾನದ್ದು, ಗಂಡಸಿನದು. ಊರಿನ ಹಂಬಲದ ನಿಜವಾದ ಭಂಡಾರ ಕನ್ನಡದಲ್ಲಿ ಬೇರೆ ಕಡೆ ಇದೆ. 2011ರ ಜನಗಣತಿಯ ಪ್ರಕಾರ ಈ ದೇಶದಲ್ಲಿ ಹುಟ್ಟಿದ ಅಥವಾ ಮೊದಲು ಇದ್ದ ಊರನ್ನು ಬಿಟ್ಟು ಬೇರೆ ಕಡೆ ನೆಲೆಸಿದವರು ಸುಮಾರು 45 ಕೋಟಿ. ವಲಸೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಸೂಟ್‌ಕೇಸು ಹಿಡಿದ ಹುಡುಗನೋ ಗಂಟುಮೂಟೆ ಹೊತ್ತ ಕೂಲಿಕಾರನೋ ಬರುತ್ತಾನೆ. ಆದರೆ ಆ 45 ಕೋಟಿಯಲ್ಲಿ ಮೂರನೆಯ ಎರಡು ಪಾಲಿಗೂ ಹೆಚ್ಚು ಹೆಂಗಸರು. ಅವರು ಕೊಟ್ಟ ಕಾರಣಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಮದುವೆ. ಅಂದರೆ ಊರು ಬಿಡುವುದು ನಮ್ಮಲ್ಲಿ ಐಟಿ ಕಂಪನಿಗಳಿಂದಲೋ ಕೊಲ್ಲಿ ದೇಶಗಳಿಂದಲೋ ಶುರುವಾದದ್ದಲ್ಲ. ಕದರಮಂಡಲಗಿಯಿಂದ ಎರಡು ಹರದಾರಿ ದೂರದ ಊರಿಗೆ ಕೊಟ್ಟ ಮಗಳೂ ತನ್ನ ಬಾಲ್ಯದ ಊರನ್ನು ಬಿಟ್ಟವಳೇ, ಮತ್ತು ತಿರುಗಿ ಬರಲು ತನ್ನ ಕಾಲ ಮೇಲೆ ತಾನು ಹೊರಡುವಂತಿಲ್ಲದವಳು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಾಗ ಓದುಬರಹ ಬಲ್ಲ ಲೋಕಕ್ಕೆ ಮೊದಲ ಬಾರಿಗೆ ಇದರ ಆಳ ಕಂಡಿತು. ಬೀಸುವ ಕಲ್ಲಿನ ಮುಂದೆ ಕೂತು ಹಾಡಿದ ಆ ತ್ರಿಪದಿಗಳಲ್ಲಿ ತವರು ಮತ್ತೆ ಮತ್ತೆ ಬರುತ್ತದೆ. ಬರುವ ಬಗೆಯೂ ವಿಶೇಷವಾದದ್ದು: ಅಲ್ಲಿಯ ಅವ್ವ, ಅಣ್ಣ, ಅತ್ತಿಗೆ, ತೊಟ್ಟಿಲ ಕೂಸು, ಹಾಲು ಕರೆಯುವ ಎಮ್ಮೆ, ಬಾಗಿಲಿಗೆ ಬಂದವರಿಗೆ ನೀರು ಕೊಡುವ ರೀತಿ. ಹಾಡುವವಳು ತನಗೆಂದು ಕೇಳುವುದು ಕಡಿಮೆ, ತವರು ತಣ್ಣಗಿರಲಿ ಎಂದು ಹರಸುವುದೇ ಹೆಚ್ಚು.

ಈ ಹಂಬಲಕ್ಕೆ ನಮ್ಮ ಸೀಮೆಯ ಸಮಾಜ ಒಂದು ತಾರೀಕನ್ನೇ ಕೊಟ್ಟಿದೆ. ನಾಗರಪಂಚಮಿ ಉತ್ತರ ಕರ್ನಾಟಕದಲ್ಲಿ ಹೆಣ್ಣುಮಕ್ಕಳ ಹಬ್ಬ. ಆಷಾಢ ಮುಗಿಯುವ ಹೊತ್ತಿಗೆ ಕರೆಯಲು ಬರುವ ಅಣ್ಣತಮ್ಮಂದಿರ ದಾರಿ ನೋಡುವುದು, ಬಂದ ಮೇಲೆ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಅಳ್ಳು ಎಂದು ಮನೆ ತುಂಬುವುದು, ಹಾಲೆರೆಯುವುದು, ಬೇವಿನ ಮರದ ಗಟ್ಟಿ ಕೊಂಬೆಗೆ ಮಿಣಿ ಹಾಕಿ ಜೋಕಾಲಿ ಕಟ್ಟುವುದು. ಆ ಜೋಕಾಲಿಯನ್ನು ಹತ್ತಿರದಿಂದ ನೋಡಿ. ಒಬ್ಬಳು ಕೂತು, ಇನ್ನೊಬ್ಬಳು ಎದುರು ನಿಂತು ಮೀಟುತ್ತಾಳೆ. ಇಬ್ಬರೂ ಬಾಲ್ಯದ ಗೆಳತಿಯರು, ಬೇರೆ ಬೇರೆ ಊರಿಗೆ ಸೊಸೆಯರಾಗಿ ಹೋದವರು, ವರ್ಷದಲ್ಲಿ ಈ ನಾಲ್ಕು ದಿನ ಮಾತ್ರ ಸಿಗುವವರು. ಗಂಡನ ಊರಲ್ಲಿ ಅವರು ಇಂಥವರ ಸೊಸೆ, ಇಂಥವರ ಹೆಂಡತಿ. ಇಲ್ಲಿ ಹಗ್ಗದ ಮೇಲೆ ಅವರನ್ನು ಚಿಕ್ಕಂದಿನ ಅಡ್ಡಹೆಸರು ಹಿಡಿದು ಕೂಗುವವರಿದ್ದಾರೆ. ಅವರ ಅತ್ತೆಮನೆಯ ದುಃಖ ಕೇಳಿ, ‘ನಿನ್ನ ಸ್ವಭಾವ ನಮಗ ಗೊತ್ತಿಲ್ಲೇನ’ ಎನ್ನುವವರಿದ್ದಾರೆ. ಇದಕ್ಕಾಗಿ ಅವರು ಬರುತ್ತಾರೆ. ತಮ್ಮ ಊರಿನ ನೆಲಕ್ಕಿಂತ ಗಂಡನ ಊರಿನ ನೆಲ ಹೆಚ್ಚು ಫಲವತ್ತಾಗಿದ್ದರೂ, ಮನೆ ಹೆಚ್ಚು ದೊಡ್ಡದಿದ್ದರೂ ಬರುತ್ತಾರೆ. ಊರಿನ ಹಂಬಲವನ್ನು ಹೊಟ್ಟೆ ತುಂಬಿದವರ ಚಪಲ ಎನ್ನುವವರು ಮೊದಲು ಈ ಹಾಡುಗಳಿಗೆ ಉತ್ತರ ಹೇಳಬೇಕು. ಬೆಳಗಿನ ಜಾವ ಎದ್ದು ಮನೆಮಂದಿಯ ಹಿಟ್ಟು ಬೀಸಿದ ಹೆಂಗಸಿನಲ್ಲಿ ಯಾವ ಚಪಲಕ್ಕೆ ಬಿಡುವಿತ್ತು?

ನಮ್ಮ ಕಡೆ ಕಟ್ಟೆಯ ಮೇಲಿನ ಹಿರಿಯರು ಹೊಸ ಮುಖ ಕಂಡ ಕೂಡಲೇ ಕೇಳುವ ಪ್ರಶ್ನೆ ‘ಯಾರ ಪೈಕಿ ನೀನು?’ ಎಂಬುದು. ಹೆಸರು ಆಮೇಲೆ, ಉದ್ಯೋಗ ಇನ್ನೂ ಆಮೇಲೆ. ಉತ್ತರ ಬಂದ ಕೂಡಲೇ ಅಜ್ಜನ ಹೆಸರು, ಅವನ ಎತ್ತಿನ ಬಣ್ಣ, ಯಾವ ವರ್ಷ ಅವರ ಹೊಲದ ಬಾವಿಗೆ ನೀರು ಬಿತ್ತು, ಎಲ್ಲ ಹೊರಬರುತ್ತದೆ. ದೀಪಾವಳಿಯ ಹೊತ್ತಿನಲ್ಲಿ ನಮ್ಮ ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಕೊಬ್ಬರಿ ಹೋರಿ ಓಡಿಸುವಾಗ ಹೋರಿಗೂ ಒಂದು ಹೆಸರಿರುತ್ತದೆ, ಅದು ಯಾರ ಮನೆಯದು, ಹೋದ ವರ್ಷ ಹೇಗೆ ಓಡಿತು ಎಂಬುದು ನೆರೆದ ಮಂದಿಗೆಲ್ಲ ತಿಳಿದಿರುತ್ತದೆ. ದನಕ್ಕೂ ವಂಶಾವಳಿ ಹೇಳಬಲ್ಲ ಊರಿನಿಂದ ಹೋದವನು, ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲದ ಅಪಾರ್ಟ್‌ಮೆಂಟಿನಲ್ಲಿ ಒಂದು ಫ್ಲಾಟ್ ನಂಬರಾಗಿ ಬದುಕುತ್ತಾನೆ. ಅವನ ಹಂಬಲಕ್ಕೆ ಬೇರೆ ಕಾರಣ ಹುಡುಕುವ ಅಗತ್ಯವಿಲ್ಲ. ಹೋಗುವವರು ತಮ್ಮ ನೆಲೆಯನ್ನು ಹೆಸರಿನಲ್ಲೇ ಕಟ್ಟಿಕೊಂಡು ಹೋಗುವುದೂ ಇದೇ ಕಾರಣಕ್ಕೆ. ಇದೇ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನನ್ನು ಕನಕದಾಸರು ತಮ್ಮ ಕೀರ್ತನೆಗಳಿಗೆಲ್ಲ ಅಂಕಿತ ಮಾಡಿಕೊಂಡರು. ಬಾಡದಲ್ಲಿ ಹುಟ್ಟಿದ ಅವರು ಉಡುಪಿ, ತಿರುಪತಿ ಎಂದು ಸುತ್ತಿದರೂ ಪ್ರತಿ ಹಾಡಿನ ಕೊನೆಗೆ ತಮ್ಮ ಸೀಮೆಗೇ ಬಂದು ನಿಲ್ಲುತ್ತಾರೆ. ಬಸವಣ್ಣ ಕಲ್ಯಾಣದ ಭಂಡಾರಿಯಾದ ಮೇಲೂ ಅವನ ವಚನಗಳಿಗೆ ಅಂಕಿತವಾದದ್ದು ಅವನು ಬೆಳೆದ ಕೂಡಲಸಂಗಮದ ದೇವರು. ದೈವಕ್ಕೆ ಊರಿನ ಹಂಗಿಲ್ಲ ಎಂಬುದನ್ನು ಇವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಭಕ್ತ ತನ್ನನ್ನು ಬಲ್ಲ ನೆಲೆಯಿಂದಲೇ ದೇವರನ್ನು ಕರೆದಿದ್ದಾನೆ.

ನನ್ನ ಈ ವಾದಕ್ಕೆ ಬರುವ ಮೊದಲ ಆಕ್ಷೇಪ, ಹಂಬಲಿಸುವ ಊರು ಈಗ ಇಲ್ಲವೇ ಇಲ್ಲ ಎಂಬುದು. ದೂರದಲ್ಲಿರುವವನು ನಲವತ್ತು ವರ್ಷ ಹಿಂದಿನ ಊರನ್ನು ತಲೆಯಲ್ಲಿಟ್ಟುಕೊಂಡು ಅಳುತ್ತಾನೆ. ಊರಲ್ಲಿರುವವನಿಗೆ ಗೊತ್ತು ಅದೆಲ್ಲ ಎಂದೋ ಮುಗಿದ ಮಾತು ಎಂದು. ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಅದನ್ನು ನಮ್ಮ ತಾಲ್ಲೂಕಿನ ಹೆಸರು ಹೊತ್ತ ಬೆಳೆಯಿಂದಲೇ ನೋಡೋಣ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಕಡ್ಡಿ ಎಂಬ ಉದ್ದನೆಯ, ಸುಕ್ಕು ಸುಕ್ಕಾದ ಕಾಯಿ. ಡಬ್ಬಿ ಎಂಬ ಗಿಡ್ಡ, ಉಬ್ಬಿದ ಕಾಯಿ. ಖಾರ ಕಡಿಮೆ, ಬಣ್ಣ ಕಡುಗೆಂಪು. ಆ ಬಣ್ಣಕ್ಕಾಗಿಯೇ ಕಾರ್ಖಾನೆಗಳು ಅದರಿಂದ ಸತ್ವ ತೆಗೆದು ತಿನಿಸುಗಳಿಗೂ ಸೌಂದರ್ಯ ಸಾಧನಗಳಿಗೂ ಬಳಸುತ್ತವೆ. ಸೋಮವಾರ, ಗುರುವಾರ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಚೀಲದ ಮೇಲೆ ಚೀಲ ಬೀಳುತ್ತದೆ. ಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಸಾಲು ಘಾಟಿನ ನಡುವೆ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಕೂರುತ್ತದೆ. ಆದರೆ ಆ ಚೀಲಗಳಲ್ಲಿ ದೊಡ್ಡ ಪಾಲು ಬರುವುದು ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ. ಎಲೆ ಮುರುಟುವ ರೋಗ, ಕೈಕೊಡುವ ಮಳೆ, ಏರಿಳಿಯುವ ದರ ಇವುಗಳಿಂದ ಬ್ಯಾಡಗಿ ಸೀಮೆಯ ರೈತ ಗೋವಿನಜೋಳಕ್ಕೂ ಹತ್ತಿಗೂ ಹೊರಳಿ ಬಹಳ ದಿನವಾಯಿತು. ಊರಿನ ಹೆಸರು ಜಗತ್ತಿನ ಅಡುಗೆಮನೆಗಳಿಗೆ ಹೋಗುತ್ತಿದೆ, ಬೆಳೆ ಮಾತ್ರ ಊರಿನ ಹೊಲದಲ್ಲಿ ಕಡಿಮೆಯಾಗಿದೆ.

ಹಾಗಾದರೆ ಕಳೆದುಕೊಂಡವರು ಯಾರು? ಬೆಂಗಳೂರಲ್ಲಿ ಕೂತು ಅಂಗಳದಲ್ಲಿ ಹರವಿದ ಕೆಂಪು ಮೆಣಸಿನಕಾಯಿಯನ್ನು ನೆನೆಯುವವನು ಮಾತ್ರವೇ? ಆ ಅಂಗಳದ ಮನೆಯಲ್ಲೇ ಉಳಿದು, ಈಗ ಗೋವಿನಜೋಳದ ರಾಶಿ ಮಾಡುತ್ತಿರುವ ಅವನ ತಮ್ಮನೂ ಅದನ್ನೇ ನೆನೆಯುತ್ತಾನೆ. ಒಂದು ಹೆಜ್ಜೆಯೂ ಊರಿನಿಂದ ಆಚೆ ಇಡದವರು ಕೂಡ ತಮ್ಮ ಬಾಲ್ಯದ ಊರಿನಿಂದ ದೂರ ಬಂದಿದ್ದಾರೆ. ಈ ಕಾರಣಕ್ಕೆ ಹಂಬಲವನ್ನು ಬಿಟ್ಟುಹೋದವರ ಖಾಸಗಿ ಸೊತ್ತೆಂದು ನಾನು ಒಪ್ಪುವುದಿಲ್ಲ. ಇದ್ದವರಿಗೂ ಹೋದವರಿಗೂ ಇದು ಸಮಾನವಾದ ನಷ್ಟ. ಆದರೆ ಒಂದು ವ್ಯತ್ಯಾಸವನ್ನು ಮರೆಮಾಚಬಾರದು. ಹೋದವನ ನೆನಪಿನಲ್ಲಿ ಬಣ್ಣ ಉಳಿಯುತ್ತದೆ, ದರಪಟ್ಟಿ ಉಳಿಯುವುದಿಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ರಸಗೊಬ್ಬರ ಕೇಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಒಮ್ಮೆಲೇ ಕುಸಿದು, ರೊಚ್ಚಿಗೆದ್ದ ಬೆಳೆಗಾರರ ನಡುವೆ ವಾಹನಗಳಿಗೆ ಬೆಂಕಿ ಬಿತ್ತು. ಊರನ್ನು ಹಂಬಲಿಸುವವನಿಗೆ ಈ ಎರಡು ತಾರೀಕುಗಳು ತನ್ನ ಊರಿನ ಚರಿತ್ರೆಯ ಭಾಗ ಎನ್ನಿಸದಿದ್ದರೆ ಅವನ ಹಂಬಲಕ್ಕೆ ಊರಿನ ಜನ ಇನ್ನೂ ಸೇರಿಲ್ಲವೆಂದೇ ಅರ್ಥ. ಗುರುತು ಹಿಡಿಯುವವರ ನಡುವೆ ಇರಬೇಕು ಎಂದು ಬಯಸುವವನು, ತಾನೂ ಅವರ ಕಷ್ಟದ ಗುರುತು ಇಟ್ಟುಕೊಂಡಿರಬೇಕಾಗುತ್ತದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಬಹಳ ದೊಡ್ಡದು. ನಾನು ಆಸರೆಯೆಂದು ಹೊಗಳಿದ ಅದೇ ಪ್ರಶ್ನೆ, ‘ಯಾರ ಪೈಕಿ?’ ಎಂಬುದು, ಜಾತಿ ಕೇಳುವ ಪ್ರಶ್ನೆಯೂ ಹೌದು. ಒಬ್ಬನಿಗೆ ಅದಕ್ಕೆ ಉತ್ತರ ಕೊಟ್ಟ ಕೂಡಲೇ ಕಟ್ಟೆಯ ಮೇಲೆ ಜಾಗ ಸಿಗುತ್ತದೆ. ಇನ್ನೊಬ್ಬನಿಗೆ ಉತ್ತರ ಕೊಟ್ಟ ಕೂಡಲೇ ಕಟ್ಟೆಯಿಂದ ದೂರ ನಿಲ್ಲಬೇಕಾಗುತ್ತದೆ. ಫ್ಲಾಟ್ ನಂಬರಾಗಿ ಬದುಕುವುದು ಮೊದಲನೆಯವನಿಗೆ ಕೊರತೆ, ಎರಡನೆಯವನಿಗೆ ಬಿಡುಗಡೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತ ಡಾ. ಅಂಬೇಡ್ಕರ್ ಭಾರತದ ಹಳ್ಳಿಯನ್ನು ಸಂಕುಚಿತತೆಯ, ಅಜ್ಞಾನದ, ಕೋಮುಭಾವದ ನೆಲೆಯೆಂದು ಕಟುವಾಗಿ ಟೀಕಿಸಿದರು. ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಸಂವಿಧಾನದ ಘಟಕವಾಗಿ ಸ್ವೀಕರಿಸಿದ್ದಕ್ಕೆ ಸಂತೋಷಪಟ್ಟರು. ಅದೇ 1948ರಲ್ಲಿ ಎಂ. ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಅಧ್ಯಯನ ನಡೆಸುತ್ತಿದ್ದರು. ತಮ್ಮ ಬರಹದಲ್ಲಿ ಅದನ್ನು ರಾಂಪುರ ಎಂದು ಕರೆದರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಅವರಿದ್ದ ಸಂಶೋಧನಾ ಕೇಂದ್ರಕ್ಕೆ ಯಾರೋ ಬೆಂಕಿ ಹಚ್ಚಿದರು. ವರ್ಷಾನುಗಟ್ಟಲೆ ತಿದ್ದಿ ವಿಂಗಡಿಸಿಟ್ಟಿದ್ದ ಟಿಪ್ಪಣಿಗಳು ಸುಟ್ಟುಹೋದವು. ಅವರು ನೆನಪನ್ನೇ ನೆಚ್ಚಿ ಪುಸ್ತಕ ಬರೆದರು. 1976ರಲ್ಲಿ ಬಂದ ಆ ಪುಸ್ತಕದ ಹೆಸರೇ ‘ನೆನಪಿನ ಹಳ್ಳಿ’ ಎಂಬರ್ಥದ್ದು. ದೂರ ದೇಶದಲ್ಲಿ ಕೂತವನ ನೆನಪು ಎಷ್ಟು ಖಚಿತವಾದ ತಿಳಿವಳಿಕೆಯಾಗಬಲ್ಲದು ಎಂಬುದಕ್ಕೆ ಇದು ದೊಡ್ಡ ಸಾಕ್ಷಿ. ಹೊಲದ ಕೆಲಸ, ಜಗಳ, ಸಾಲ, ನ್ಯಾಯ, ಹರಟೆ, ಯಾವುದನ್ನೂ ಅವರ ಸ್ಮೃತಿ ಬಿಟ್ಟಿಲ್ಲ. ಆದರೆ ಅದೇ ಪುಸ್ತಕದಲ್ಲಿ ಶ್ರೀನಿವಾಸ್ ಒಂದು ಮಿತಿಯನ್ನು ಒಪ್ಪಿಕೊಂಡಿದ್ದಾರೆ: ಊರ ಗೌಡರ ಆಶ್ರಯದಲ್ಲಿದ್ದ ಬ್ರಾಹ್ಮಣನಾದ ತನಗೆ ಊರು ಕಂಡದ್ದು ಹೆಚ್ಚಾಗಿ ಮೇಲಿನ ಜಾತಿಗಳ ಕಡೆಯಿಂದ ಎಂದು. ನೆನಪು ಸುಳ್ಳು ಹೇಳದೆಯೂ ಅರ್ಧ ಊರನ್ನು ಬಿಟ್ಟುಬಿಡಬಹುದು.

ಈ ಆಕ್ಷೇಪವನ್ನು ನಾನು ಜಾರಿಸಿ ಮುಂದೆ ಹೋಗಲಾರೆ. ಹಳ್ಳಿಯಲ್ಲಿ ಗುರುತಿರುವುದು ಎಲ್ಲರಿಗೂ ಒಂದೇ ಸುಖವಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಅದರಿಂದ ಹಂಬಲವೇ ಮೇಲುಜಾತಿಯವರ ಸೊತ್ತು ಎಂಬ ತೀರ್ಮಾನಕ್ಕೆ ಬಂದರೆ ಇನ್ನೊಂದು ಅನ್ಯಾಯ ಮಾಡಿದಂತಾಗುತ್ತದೆ. ಸಿದ್ಧಲಿಂಗಯ್ಯನವರ ‘ಊರು ಕೇರಿ’ಯನ್ನು ಓದಿ. ಮಾಗಡಿ ಸೀಮೆಯ ಮಂಚನಬೆಲೆಯಿಂದ ಬೆಂಗಳೂರಿಗೆ ಬಂದ ಕುಟುಂಬದ ಕಥೆ ಅದು. ಹಸಿವು, ಅವಮಾನ ಯಾವುದನ್ನೂ ಮುಚ್ಚಿಡದೆ, ಕೇರಿಯ ಜನರ ನಗೆ, ದೈವ, ಸಲಿಗೆಗಳನ್ನು ಅವರು ಎಷ್ಟು ಅಕ್ಕರೆಯಿಂದ ನೆನೆಯುತ್ತಾರೆಂದರೆ, ಊರಿನ ಅಂಚಿಗೆ ತಳ್ಳಿಸಿಕೊಂಡವರಿಗೂ ತಮ್ಮನ್ನು ಬಲ್ಲ ಒಂದು ಬಳಗವಿತ್ತು ಎಂಬುದು ಮನದಟ್ಟಾಗುತ್ತದೆ. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನ ಮನೆಯಲ್ಲಿ ಬಡತನ ಇದ್ದಷ್ಟೇ ಗಾಢವಾಗಿ ಮಾತಿನ ಬಿಸುಪೂ ಇದೆ. ಹಂಬಲ ಇಲ್ಲೂ ಇದೆ; ಅದರ ಜೊತೆ ಸಿಟ್ಟೂ ಇದೆ, ಮತ್ತು ಆ ಸಿಟ್ಟಿಗೆ ಹಂಬಲದಷ್ಟೇ ಹಕ್ಕಿದೆ. ಆದ್ದರಿಂದ ಊರನ್ನು ನೆನೆಯುವ ಮೇಲುಜಾತಿಯವನ ಮುಂದೆ ನಾವು ಇಡಬೇಕಾದ ಪರೀಕ್ಷೆ ಸರಳವಾದದ್ದು: ನಿನ್ನ ನೆನಪಿನ ಊರಲ್ಲಿ ಕೇರಿಗೆ ಹೋಗುವ ದಾರಿ ಇದೆಯೇ? ಅಲ್ಲಿಯ ಒಂದು ಹೆಸರಾದರೂ ನಿನಗೆ ನೆನಪಿದೆಯೇ, ಅಥವಾ ಅವರು ಮಾಡುತ್ತಿದ್ದ ಕೆಲಸ ಮಾತ್ರ ನೆನಪಿದೆಯೇ?

ದೂರ ಹೋದರೆ ನೆನಪು ಸಿಹಿಯಾಗಲೇಬೇಕು ಎಂಬ ನಿಯಮವೂ ಇಲ್ಲ. ಯು. ಆರ್. ಅನಂತಮೂರ್ತಿಯವರು ‘ಸಂಸ್ಕಾರ’ ಕಾದಂಬರಿಯನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದಾಗ. ಅದು ಪ್ರಕಟವಾದದ್ದು 1965ರಲ್ಲಿ. ಮಲೆನಾಡಿನ ಅಗ್ರಹಾರವೊಂದು ಕೊಳೆಯುತ್ತಿರುವುದನ್ನು ಅಷ್ಟು ನಿಷ್ಠುರವಾಗಿ ನೋಡಲು ಅವರಿಗೆ ಆ ದೂರವೇ ಬೇಕಾಯಿತೇನೋ. ಯಶವಂತ ಚಿತ್ತಾಲರು ಇನ್ನೂ ಸ್ಪಷ್ಟವಾದ ಉದಾಹರಣೆ. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ರಸಾಯನ ಉದ್ಯಮದ ತಂತ್ರಜ್ಞರಾಗಿ ದುಡಿದು, ಅಲ್ಲೇ 2014ರಲ್ಲಿ ತೀರಿಕೊಂಡ ಅವರು ಕಥೆಗಳಲ್ಲಿ ಕೊನೆಯವರೆಗೆ ಹನೇಹಳ್ಳಿಯನ್ನು ಬಿಡಲಿಲ್ಲ. ಅವರ ಹನೇಹಳ್ಳಿ ಸ್ವರ್ಗವಲ್ಲ. ಅಲ್ಲಿ ಗುಟ್ಟುಗಳಿವೆ, ಹಗೆಗಳಿವೆ, ಬಾಲ್ಯದಲ್ಲೇ ಕೂತ ಭಯಗಳಿವೆ. 1979ರ ‘ಶಿಕಾರಿ’ಯಲ್ಲಿ ಮುಂಬಯಿಯ ಕಂಪನಿಯ ಒಳಸಂಚಿಗೆ ಸಿಕ್ಕ ನಾಗಪ್ಪನನ್ನು ಬೆನ್ನಟ್ಟುವುದು ಆ ಬಾಲ್ಯದ ನೋವುಗಳೇ. ಆದರೂ ಮಹಾನಗರದಲ್ಲಿ ಮನುಷ್ಯ ಮನುಷ್ಯನನ್ನು ಬೇಟೆಯಾಡುವುದನ್ನು ಅಳೆಯಲು ಚಿತ್ತಾಲರಿಗೆ ಇದ್ದ ಅಳತೆಗೋಲು ಹನೇಹಳ್ಳಿಯೇ. ಅಲ್ಲಿ ಹಗೆ ಸಾಧಿಸಿದವನಿಗೂ ಒಂದು ಮುಖ, ಒಂದು ಹೆಸರು ಇತ್ತು. ಈ ಇಬ್ಬರು ಲೇಖಕರನ್ನು ನೋಡಿದ ಮೇಲೆ, ಹಂಬಲ ಎಂದರೆ ವಿಮರ್ಶೆಯನ್ನು ಮಲಗಿಸುವ ಜೋಗುಳ ಎಂಬ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ತನ್ನದೆಂದು ಅನ್ನಿಸದ ಊರಿನ ಮೇಲೆ ಯಾರೂ ಅಷ್ಟು ಆಳವಾಗಿ ಸಿಟ್ಟಾಗುವುದಿಲ್ಲ.

ಕೊನೆಯ ಆಕ್ಷೇಪ ವ್ಯವಹಾರಸ್ಥರದು: ಇಷ್ಟೆಲ್ಲ ಹಂಬಲಿಸಿ ಊರಿಗೆ ಆಗುವ ಉಪಕಾರವೇನು? ಗುಡಿಗೆ ಗೋಪುರ ಕಟ್ಟಿಸಿ ಕಲ್ಲಿನ ಮೇಲೆ ಹೆಸರು ಬರೆಸುವುದು, ಜಾತ್ರೆಗೆ ಬಂದು ಮೊಬೈಲಿನಲ್ಲಿ ತೇರು ಹಿಡಿದುಕೊಂಡು ಹೋಗುವುದು, ಊರಲ್ಲಿ ಹಂಚಿನ ಮನೆ ಕೆಡವಿ ಆರ್‌ಸಿಸಿ ಹಾಕಿದವರನ್ನು ‘ಊರು ಕೆಡಿಸಿದಿರಿ’ ಎಂದು ಬೈಯುವುದು ಇಷ್ಟೇ ತಾನೆ? ಈ ಮೂರನೆಯದು ನನಗೆ ಎಲ್ಲಕ್ಕಿಂತ ಬೇಸರದ ಸಂಗತಿ. ತಾನು ಪಟ್ಟಣದಲ್ಲಿ ಲಿಫ್ಟು ಬಳಸುತ್ತ, ತಮ್ಮನ ಹೆಂಡತಿ ಮಾತ್ರ ಸೌದೆ ಒಲೆಯ ಹೊಗೆಯಲ್ಲೇ ರೊಟ್ಟಿ ಬಡಿಯಲಿ ಎಂದು ಬಯಸುವುದು ಊರಿನ ಪ್ರೀತಿಯಲ್ಲ. ಆದರೆ ಇದು ಹಂಬಲದ ದೋಷವೇ ಆಗಿದ್ದರೆ ಎಲ್ಲರಲ್ಲೂ ಕಾಣಬೇಕಿತ್ತು. ನಮ್ಮ ನೆರೆಯ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರನ್ನು ನೆನೆಯಿರಿ. 1911ರಲ್ಲಿ ಹುಟ್ಟಿದ ಆ ಹುಡುಗ ಸಾಬರಮತಿಯವರೆಗೆ ಹೋದ; 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದ ತಂಡದಲ್ಲಿದ್ದ ಒಬ್ಬನೇ ಕನ್ನಡಿಗನಾದ. ಆ ಹೆಸರನ್ನು ಇಟ್ಟುಕೊಂಡು ಅವನು ಎಲ್ಲಿ ಬೇಕಾದರೂ ಇರಬಹುದಿತ್ತು. ತಿರುಗಿ ಬಂದು ಇದೇ ಸೀಮೆಯ ಕೊರಡೂರಿನಲ್ಲಿ ಆಶ್ರಮ ಕಟ್ಟಿದ, ಹೆಂಡತಿ ಸಿದ್ಧಮ್ಮನೂ ಆ ಚಳವಳಿಗೆ ಇಳಿದಳು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣವಿದ್ದ ಠಾಣೆಯ ಮೇಲೆ ದಾಳಿ ಮಾಡುವಾಗ ಗುಂಡಿಗೆ ಬಲಿಯಾದ. ಜೊತೆಗೆ ಬಿದ್ದ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇಬ್ಬರೂ ಈ ನೆಲದ ಮಕ್ಕಳೇ. ಊರಿನ ಸೆಳೆತ ಹಿಂದಕ್ಕೆ ಕರೆತಂದವನೊಬ್ಬ, ಕರೆತಂದ ಮೇಲೆ ಊರನ್ನು ಇದ್ದ ಹಾಗೆ ಇರಲು ಬಿಡಲಿಲ್ಲ.

ಎಲ್ಲರೂ ಮಹದೇವಪ್ಪನವರಾಗಿ ಎಂದು ಯಾರನ್ನೂ ಕೇಳುವ ಹಕ್ಕು ನನಗಿಲ್ಲ. ಹೊಟ್ಟೆಪಾಡಿಗೆ ಹೋದವರು ತಿರುಗಿ ಬರಲಾರರು, ಬರಬೇಕೆಂದೂ ಇಲ್ಲ. ಆದರೆ ಗುರುತೇ ಈ ಹಂಬಲದ ತಿರುಳಾಗಿದ್ದರೆ, ದೂರದಲ್ಲಿದ್ದೂ ಮಾಡಬಹುದಾದ ಒಂದು ಕೆಲಸವಿದೆ, ಮತ್ತು ಅದಕ್ಕೆ ಕಾಲ ಕಡಿಮೆ ಉಳಿದಿದೆ. ಪಹಣಿಯಲ್ಲಿ ಹೊಲಕ್ಕೆ ಇರುವುದು ಸರ್ವೆ ನಂಬರು ಮಾತ್ರ. ಆದರೆ ಮನೆಮಾತಿನಲ್ಲಿ ಪ್ರತಿ ಹೊಲಕ್ಕೂ ಒಂದು ಹೆಸರಿದೆ. ಹುಣಸಿಮರದ ಹೊಲ, ಕೆರೆ ಕೆಳಗಿನ ಹೊಲ, ಇಂಥ ಅಜ್ಜಿಗೆ ಅರಿಷಿಣ ಕುಂಕುಮಕ್ಕೆಂದು ಬಂದ ಹೊಲ ಎಂಬಂತೆ. ನಿವೇಶನವಾಗಿ ಮಾರಿದ ದಿನ ಆ ಹೆಸರು ಹೋಗುತ್ತದೆ, ಅದರ ಜೊತೆ ಅದನ್ನು ಉತ್ತವರ, ಅಲ್ಲಿ ಕೂಲಿ ಮಾಡಿದವರ ಗುರುತೂ ಹೋಗುತ್ತದೆ. ಬಾವಿಗಳಿಗೂ ಹೀಗೆಯೇ: ಯಾವ ಬಾವಿಯಲ್ಲಿ ಯಾರಿಗೆ ನೀರು ಸೇದಲು ಬಿಡುತ್ತಿದ್ದರು, ಯಾರಿಗೆ ಬಿಡುತ್ತಿರಲಿಲ್ಲ ಎಂಬುದನ್ನೂ ಕೂಡಿಯೇ ಬರೆದಿಡಬೇಕು, ಅದನ್ನು ಬಿಟ್ಟು ಬರೆದರೆ ಶ್ರೀನಿವಾಸರು ಒಪ್ಪಿಕೊಂಡ ಮಿತಿಯನ್ನು ನಾವು ತಿಳಿದೂ ಮುಂದುವರಿಸಿದಂತೆ. ಇದೇ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಈ ಬಗೆಯ ಸಂಗ್ರಹಕ್ಕೆ ಬೇಕಾದ ಕ್ರಮವನ್ನು ಕಲಿಸುವವರು ಅಲ್ಲಿದ್ದಾರೆ. ಹಣ ಹೊರಗಿನವರು ಹಾಕಲಿ, ಕೇಳುವ ಕೆಲಸವನ್ನು ಊರಿನ ಹುಡುಗ ಹುಡುಗಿಯರು ಮಾಡಲಿ, ಊರಿನಿಂದ ಇಬ್ಬರಾದರೆ ಕೇರಿಯಿಂದಲೂ ಇಬ್ಬರು. ಕೇಳಬೇಕಾದವರಲ್ಲಿ ಹೆಚ್ಚಿನವರು ಹೆಂಗಸರು. ಬೇರೆ ಬೇರೆ ಊರುಗಳಿಗೆ ಹೋಗಿ ಮುದುಕಿಯರಾದವರು. ಅವರೆಲ್ಲ ಒಟ್ಟಿಗೆ ತವರಲ್ಲಿ ಸಿಗುವುದು ಪಂಚಮಿಯ ನಾಲ್ಕು ದಿನ. ಮುಂದಿನ ಪಂಚಮಿಗೆ ಮೊದಲು ರೆಕಾರ್ಡು ಮಾಡುವ ತಂಡ ತಯಾರಾಗಬೇಕು.